ನಾದಿನಿ ಕಳಿಸಿದ ಶೋಕೇಸು

ಭಾನುವಾರ ಬೆಳಿಗ್ಗೆ ಮನೆ ಮುಂದೆ ಟೆಂಪೋ ನಿಂತ ಸದ್ದಾದರೆ ಅವಳು ಕೈಯಲ್ಲಿದ್ದ ಕೆಲಸ ಬಿಟ್ಟು ಕಿಟಕಿಗೆ ಓಡುತ್ತಿದ್ದಳು. ಅವತ್ತೂ ಹಾಗೇ ಆಯಿತು. ಪಕ್ಕದ ಮನೆಗೆ ಬಂದಿರಲಿ ಎಂದು ಹಾರೈಸುತ್ತಾ ಕಿಟಕಿಯಿಂದ ಬಗ್ಗಿ ನೋಡಿದಳು. ಟೆಂಪೋದ ಹಿಂಭಾಗದಲ್ಲಿ, ಹಳೆಯ ಕಂಬಳಿ ಹೊದ್ದು, ಹಗ್ಗ ಬಿಗಿಸಿಕೊಂಡು, ಆಳೆತ್ತರದ್ದೇನೋ ಮಲಗಿತ್ತು. ಟೆಂಪೋದವನು ಮೇಲೆ ನೋಡಿ ಗುರುತಿನ ನಗೆ ನಕ್ಕ. ಅಲ್ಲಿಗೆ ಅನುಮಾನವೂ ಉಳಿಯಲಿಲ್ಲ.

"ರೀ, ನಿಮ್ಮಕ್ಕ ಮತ್ತೇನೋ ಕಳಿಸಿದ್ದಾರೆ."

ಗಂಡ ಬಾಲ್ಕನಿಯಲ್ಲಿ ಕೂತು ಖಾಲಿ ಬಾಟಲಿಗಳಿಗೆ ಬಣ್ಣ ಬಳಿಯುತ್ತಿದ್ದ. ತಲೆ ಎತ್ತದೆಯೇ, "ಓ, ಶೋಕೇಸು! ಅಕ್ಕ ಫೋನ್ ಮಾಡಿದ್ಲು. ನಿನಗೆ ಹೇಳೋದು ಮರೆತೇಹೋಯ್ತು" ಎಂದ.

"ಮರೆತುಹೋಯ್ತೋ, ಮರೆತಂಗೆ ಮಾಡಿದ್ರೋ?"

ಅವನು ಕುಂಚವನ್ನು ನೀರಿಗೆ ಅದ್ದಿ ಮೆಲ್ಲಗೆ ಕೆಳಗಿಳಿದುಹೋದ. ಜಗಳ ಬರುವಂತಿದ್ದಾಗ ಭಾರ ಹೊರಲು ಹೋಗುವುದು ಅವನ ಹಳೆಯ ಉಪಾಯ.

ಮೆಟ್ಟಿಲ ತಿರುವಿನಲ್ಲಿ ಶೋಕೇಸು ಸಿಕ್ಕಿಕೊಂಡಿತು. ಕೆಳಮನೆಯವರ ಬಾಗಿಲು ತೆರೆಯಿತು, ಮುಚ್ಚಿತು, ಮತ್ತೆ ತೆರೆಯಿತು. ಗೋಡೆಯ ಸುಣ್ಣ ಒಂದಿಷ್ಟು ಉದುರಿತು. "ಸ್ವಲ್ಪ ಎತ್ತು, ಇಲ್ಲ ಇಳಿಸು, ನಿನ್ನ ಕಡೆ ವಾಲಿಸು" ಎಂಬ ಕೂಗಾಟವೆಲ್ಲ ಮುಗಿದು, ಅದು ಹಾಲಿನ ನಡುವೆ ಬಂದು ನಿಂತಾಗ ಉಳಿದವರು ಗೋಡೆಗೆ ಅಂಟಿಕೊಂಡು ನಡೆಯಬೇಕಾಯಿತು. ಕಪ್ಪು ಮರ, ಸಿಂಹದ ಕಾಲು, ನಾಲ್ಕು ಗಾಜಿನ ಹಲಗೆ. ಒಳಗಿಡಲು ಆ ಮನೆಯಲ್ಲಿ ಏನೂ ಇರಲಿಲ್ಲ.

ಇಷ್ಟಕ್ಕೂ ಅವಳು ಆ ಹಾಲಿಗಾಗಿ ಎಷ್ಟು ಕಾದಿದ್ದಳು! ಮದುವೆಯಾದಾಗಿನಿಂದ ಗಂಡ ಹೆಂಡತಿ ಒಂದೇ ಕೋಣೆಯಲ್ಲಿ ಬದುಕಿದ್ದರು. ಅಲ್ಲೇ ಒಲೆ, ಅಲ್ಲೇ ಹಾಸಿಗೆ, ಅಲ್ಲೇ ಒಗೆದ ಬಟ್ಟೆ. ಈ ವರ್ಷ ಒಂದು ಹಾಲು, ಎರಡು ಕೋಣೆಯ ಬಾಡಿಗೆ ಮನೆ ಸಿಕ್ಕಿದಾಗ, ಖಾಲಿ ಹಾಲಿನಲ್ಲಿ ನಿಂತು ಅವಳು ಒಂದೇ ಒಂದು ಆಸೆಪಟ್ಟಿದ್ದಳು. ಕಿಟಕಿಯ ಹತ್ತಿರ ಒಂದು ಕುರ್ಚಿ, ಪಕ್ಕದಲ್ಲೊಂದು ದೀಪ, ಕೈಯಲ್ಲೊಂದು ದಪ್ಪ ಪತ್ತೇದಾರಿ ಕಾದಂಬರಿ. ಬೇರೆ ಏನೂ ಬೇಡ. ಗೋಡೆ ಬೋಳಾಗಿದ್ದರೂ ಸೈ.

ಅವಳು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸ ಮಾಡುವವಳು. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜುವುದು, ಅಂಚು ನಯ ಮಾಡುವುದು, ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಕೂರಿಸುವುದು. ದಿನವಿಡೀ ಬೇರೆಯವರ ಕಣ್ಣಿಗಾಗಿ ತನ್ನ ಕಣ್ಣು ಸವೆಸಿದ ಮೇಲೆ ಅವಳಿಗೆ ಬೇಕಾಗಿದ್ದದ್ದು ತನ್ನ ಸುಖಕ್ಕೆ ಓದುವ ನಾಲ್ಕು ಪುಟ. ಬಸ್ ನಿಲ್ದಾಣದ ಪಕ್ಕ ಹಳೆಯ ಪುಸ್ತಕ ಹರಡಿಕೊಂಡು ಕೂರುವ ಮುದುಕನೊಬ್ಬನಿದ್ದ. "ಇದರಲ್ಲಿ ಕೊಲೆ ಚೆನ್ನಾಗಿದೆ, ತಗೊಳ್ಳಿ" ಎಂದು ತರಕಾರಿ ಮಾರುವವರ ಹಾಗೆ ಹೇಳುತ್ತಿದ್ದ. ಅವಳು ತಗೊಳ್ಳುತ್ತಿದ್ದಳು.

ಆದರೆ ಹಾಲು ಅವಳ ಕೈಗೆ ಸಿಗಲೇ ಇಲ್ಲ. ಮನೆಗೆ ಬಂದ ವಾರದಲ್ಲೇ ನಾದಿನಿಯ ಸೋಫಾ ಬಂತು. ನಾದಿನಿ ಅಂದರೆ ಗಂಡನ ದೊಡ್ಡಕ್ಕ. ಅವರ ಗಂಡ ತೀರಿಕೊಂಡ ಮೇಲೆ ಮಗ ಸೊಸೆಯ ಜೊತೆ ಊರಿನ ಆ ತುದಿಯಲ್ಲಿದ್ದರು. "ಖಾಲಿ ಮನೆ ನೋಡೋಕಾಗಲ್ಲ ಕಣೇ, ಇಟ್ಕೊಳ್ಳಿ" ಎಂದಿದ್ದರು. ಕೊಟ್ಟಿದ್ದನ್ನು ಬೇಡವೆನ್ನಲಾಗುತ್ತದೆಯೇ? ಆಮೇಲೆ ನೆಲ ಗುಡಿಸುವಷ್ಟು ಉದ್ದದ ಪರದೆಗಳು ಬಂದವು. ಮೂಲೆಯಲ್ಲಿ ಮಚ್ಚೆ ಬಿದ್ದ ಅಂಡಾಕಾರದ ಕನ್ನಡಿ ಬಂತು. ಅದರಲ್ಲಿ ಯಾರು ಮುಖ ನೋಡಿಕೊಂಡರೂ ಒಂದು ಕೆನ್ನೆಗೆ ತೊನ್ನು ಹತ್ತಿದಂತೆ ಕಾಣುತ್ತಿತ್ತು. ಮನಸ್ಸು ಬಂದಾಗ ಬಡಿಯುವ ಗಡಿಯಾರ ಬಂತು. ಯಂತ್ರವಿಲ್ಲದ ಹೊಲಿಗೆ ಯಂತ್ರದ ಸ್ಟ್ಯಾಂಡು ಬಂತು.

"ಬೇಡ ಅಂದ್ರೆ ಬೇಡ ಅನ್ನು, ನಾನೇನೂ ಬೇಜಾರು ಮಾಡ್ಕೊಳ್ಳಲ್ಲ" ಎಂದು ನಾದಿನಿ ಪ್ರತಿಸಲವೂ ಹೇಳುತ್ತಿದ್ದರು. ಆ ಮಾತು ಹೇಳುವಾಗಲೇ ಅವರ ದನಿಯಲ್ಲಿ ಬೇಜಾರು ತುಂಬಿರುತ್ತಿತ್ತು. ಕೊಟ್ಟು ಸುಮ್ಮನಾಗುವವರೂ ಅಲ್ಲ. ಭಾನುವಾರ ಮಧ್ಯಾಹ್ನ ಬಂದು, ಸೋಫಾದ ಬಲತುದಿಯಲ್ಲಿ ಕೂತು, ಚೀಲದಿಂದ ಬಟ್ಟೆ ತೆಗೆದು, ಕೈಗೆ ಎಟುಕಿದ್ದನ್ನೆಲ್ಲ ಒರೆಸುತ್ತಿದ್ದರು. "ಒರೆಸೋದೇ ಇಲ್ವೇನೇ?" ಎನ್ನುತ್ತಿದ್ದರು. ದಾನದ ಎಮ್ಮೆಯ ಹಲ್ಲು ನೋಡಬಾರದು, ಸರಿ. ಆದರೆ ಈ ಎಮ್ಮೆಯನ್ನು ಕೊಟ್ಟವರೇ ವಾರಕ್ಕೊಮ್ಮೆ ಬಂದು ಮೇವು ಹಾಕಿದ್ದೀಯಾ ಎಂದು ವಿಚಾರಿಸುತ್ತಿದ್ದರು.

ಅಕ್ಕನದು ಒಂದು ಕಾಟವಾದರೆ ತಮ್ಮನದು ಇನ್ನೊಂದು. ಅವಳ ಗಂಡ ಕಾರು ಓಡಿಸುವುದನ್ನು ಕಲಿಸುವವನು. ದಿನವಿಡೀ ಹೊಸಬರ ಪಕ್ಕದಲ್ಲಿ ಕೂತು, ಅವರು ಗೋಡೆಗೋ ದೀಪದ ಕಂಬಕ್ಕೋ ಗುರಿಯಿಟ್ಟು ನುಗ್ಗುವಾಗ, ತನ್ನ ಕಾಲ ಕೆಳಗಿನ ಬ್ರೇಕು ಒತ್ತಿ "ನಿಧಾನ, ನಿಧಾನ" ಎಂದು ತಣ್ಣಗೆ ಹೇಳುತ್ತಿದ್ದ. ಒಂದು ದಿನವೂ ದನಿ ಏರಿಸಿದವನಲ್ಲ. ಮನೆಗೆ ಬಂದರೆ ಮಾತ್ರ ಅವನಿಗೆ ತನ್ನ ಕೈ ಹೇಳಿದಂತೆ ಕೇಳುವ ವಸ್ತು ಬೇಕು. ಅಕ್ಕ ಕೊಟ್ಟ ಹಳೆಯ ವಾರಪತ್ರಿಕೆಗಳ ಕಟ್ಟಿನಲ್ಲಿ 'ಕಸದಿಂದ ರಸ' ಎಂಬ ಅಂಕಣ ಅವನ ಕಣ್ಣಿಗೆ ಬಿದ್ದದ್ದೇ ಅವಳ ಗ್ರಹಚಾರ. ಬಾಟಲಿಯಿಂದ ದೀಪ ಮಾಡಿದ. ಮುಟ್ಟಿದವರಿಗೆ ಶಾಕ್ ಹೊಡೆಯಿತು. ಹಳೇ ಚಮಚಗಳಿಂದ ಗೋಡೆಗೆ ಸೂರ್ಯನನ್ನು ಮಾಡಿದ. ಗಾಳಿ ಬಂದಾಗಲೆಲ್ಲ ಸೂರ್ಯನ ಒಂದೊಂದು ಕಿರಣ ಠಣ್ಣೆಂದು ಬೀಳುತ್ತಿತ್ತು. ಮನೆಯಲ್ಲಿದ್ದ ಒಂದೇ ಒಂದು ಒಳ್ಳೆಯ ಕುರ್ಚಿಗೆ ಪ್ಲಾಸ್ಟಿಕ್ ತಂತಿಯ ಹೊಸ ಸೀಟು ಹೆಣೆದ. ಕೂತವಳು ಮೊಣಕಾಲು ಮೂಗಿಗೆ ತಾಗುವಂತೆ ಒಳಗೆ ಇಳಿದುಹೋದಳು. ವಿನಾಯಕನನ್ನು ಮಾಡಲು ಹೋಗಿ ವಾನರನಾಯಿತು ಅನ್ನುತ್ತಾರಲ್ಲ, ಅವನಿಗೆ ಆ ವಾನರನ ಮೇಲೂ ಪ್ರೀತಿ ಬರುತ್ತಿತ್ತು.

ಸೋಫಾದ ಮೇಲಾದರೂ ಕೂತು ಓದೋಣವೆಂದರೆ ಅಲ್ಲಿ ಸದಾ ಬಣ್ಣ ಒಣಗುತ್ತಿರುತ್ತಿತ್ತು. ಕೊನೆಗೆ ಅವಳು ಅಡುಗೆಮನೆಯಲ್ಲಿ ಬಕೆಟ್ಟು ಬೋರಲು ಹಾಕಿಕೊಂಡು ಅದರ ಮೇಲೆ ಕೂತು ಓದುತ್ತಿದ್ದಳು. ಹಾಲಿರುವ ಮನೆಯ ಯಜಮಾನಿ!

ಶೋಕೇಸು ಬಂದ ಆ ದಿನಗಳಲ್ಲಿ ಅವಳು ಓದುತ್ತಿದ್ದ ಕಾದಂಬರಿ ಇಟ್ಟಿಗೆಯಷ್ಟು ದಪ್ಪದ್ದು. ಬೆಟ್ಟದ ಮೇಲೊಂದು ಆಸ್ಪತ್ರೆ. ಒಳಗಿನಿಂದ ಚಿಲಕ ಹಾಕಿದ ಔಷಧದ ಕೋಣೆಯಲ್ಲಿ ದೊಡ್ಡ ಡಾಕ್ಟರು ಸತ್ತು ಬಿದ್ದಿದ್ದಾರೆ. ಕೊಂದವರು ಯಾರು? ಅವಳ ಗುಮಾನಿ ಮುಖ್ಯ ನರ್ಸಿನ ಮೇಲಿತ್ತು. ಪತ್ತೇದಾರ ಆಗಲೇ ಎಲ್ಲರನ್ನೂ ಊಟದ ಕೋಣೆಗೆ ಕರೆಸಿ ಬಾಗಿಲು ಹಾಕಿದ್ದ. ಪುಸ್ತಕ ಕೈಚೀಲದಲ್ಲಿ ಹಿಡಿಯುವಂಥದ್ದಲ್ಲವಾದ್ದರಿಂದ, ಬಸ್ ಟಿಕೆಟನ್ನು ಗುರುತಿಗಿಟ್ಟು, ಹಾಸಿಗೆ ಪಕ್ಕದ ಪುಸ್ತಕಗಳ ಮೇಲೆ ಅದನ್ನು ಇಟ್ಟು ಕೆಲಸಕ್ಕೆ ಹೋದಳು. ಅಂಗಡಿಯಲ್ಲಿ ಗಾಜು ಉಜ್ಜುವಾಗಲೂ ತಲೆಯಲ್ಲಿ ನರ್ಸು, ಬೀಗದ ಕೈ, ಊಟದ ಕೋಣೆ.

ಸಂಜೆ ಬಂದು ನೋಡಿದರೆ ಹಾಸಿಗೆಯ ಪಕ್ಕ ನೆಲ ಕಾಣುತ್ತಿತ್ತು. ಹಾಲಿನಲ್ಲಿ ಗಂಡ ಕೈ ಕಟ್ಟಿಕೊಂಡು ನಿಂತಿದ್ದ. ಅವನ ಮುಖದಲ್ಲಿ ಮಗು ಮೊದಲ ಹೆಜ್ಜೆ ಇಟ್ಟದ್ದನ್ನು ಕಂಡ ತಂದೆಯ ನಗೆ.

"ನೋಡು! ನಿನಗೇ ಅಂತ ಮಾಡಿದ್ದು."

ಅವಳ ಪುಸ್ತಕಗಳೆಲ್ಲ ಒಂದರ ಮೇಲೊಂದು ಕೂತು, ಗೋಂದು ಬಳಿಸಿಕೊಂಡು, ಕಂಬದಂತೆ ನಿಂತಿದ್ದವು. ಅದರ ಮೇಲೊಂದು ಗಾಜಿನ ಹಲಗೆ. ಗಾಜಿನ ಮೇಲೆ ಬಣ್ಣದ ಬಾಟಲಿ. ಕೆಳಗಿನಿಂದ ಮೂರನೆಯದಾಗಿ, ಎಲ್ಲಕ್ಕಿಂತ ದಪ್ಪವಾಗಿ, ಬೆಟ್ಟದ ಆಸ್ಪತ್ರೆ.

ಅವಳು ಚೀಲ ಕೆಳಗಿಡಲಿಲ್ಲ. "ಇದೇನು?"

"ಪುಸ್ತಕದ ಮೇಜು. ಓದೋರ ಮನೆ ಅಂತ ಬಂದೋರಿಗೆ ಗೊತ್ತಾಗ್ಬೇಕಲ್ಲ."

"ಓದೋರ ಮನೇನಾ? ಇನ್ನು ಓದೋದು ಹೇಗ್ರೀ ಇದನ್ನ?"

"ಎಲ್ಲಾ ಓದಿ ಮುಗಿಸಿದ್ದು ಅಂದ್ಕೊಂಡೆ."

"ಮುಗಿಸಿದ ಪುಸ್ತಕದಲ್ಲಿ ಯಾರಾದ್ರೂ ಬಸ್ ಟಿಕೆಟ್ ಇಡ್ತಾರಾ?"

ಅವನು ಬಗ್ಗಿ ಕಂಬದ ಅಂಚು ನೋಡಿದ. "ಟಿಕೆಟ್ ನೋಡ್ದೆ ಕಣೇ. ಹಳೇ ಟಿಕೆಟ್ ಅಲ್ವಾ ಅಂತ ಅದನ್ನೂ ಸೇರಿಸಿ ಅಂಟಿಸ್ದೆ. ಪುಟ ಬಿಚ್ಕೋಬಾರ್ದು ಅಂತ ಅಂಚಿಗೂ ಗೋಂದು ಬಳಿದಿದ್ದೀನಿ. ಗಟ್ಟಿಯಾಗಿದೆ, ಬೇಕಾದ್ರೆ ಹತ್ತಿ ನಿಂತ್ಕೋ."

ಅವಳು ಹತ್ತಿ ನಿಲ್ಲಲಿಲ್ಲ. ಕಂಬವನ್ನು ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿದಳು. ಅವನ ಕೈಕೆಲಸಗಳಲ್ಲೆಲ್ಲ ಮೊತ್ತಮೊದಲ ಬಾರಿಗೆ ಒಂದು ಗಟ್ಟಿಯಾಗಿ ಬಂದಿತ್ತು. ಉಗುರಿನಿಂದ ಕೆರೆದಳು, ಚಾಕು ತೂರಿಸಿದಳು. ಅಂಚಿನ ಒಂದು ಚೂರು ಕಿತ್ತುಬಂತು. ಅದರಲ್ಲಿ 'ಆಗ ಅವನು' ಎಂದಷ್ಟೇ ಇತ್ತು. ಅವನು ಅಂದರೆ ಯಾರು? ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂತು.

"ಇಡೀ ಊರಿಗೆ ಬ್ರೇಕು ಹಾಕೋದು ಕಲಿಸ್ತೀರಿ. ಆ ಗೋಂದಿನ ಡಬ್ಬಿ ಕೈಗೆ ತಗೊಂಡಾಗ ಒಂದು ಸಲ ನಿಮ್ಮ ಬ್ರೇಕು ಒತ್ತಬಾರ್ದಿತ್ತಾ?" ಎಂದು ಹೇಳಿ ಕೋಣೆಯ ಬಾಗಿಲು ಹಾಕಿಕೊಂಡಳು.

ಗಾಯದ ಮೇಲೆ ಬರೆ ಎಳೆದಂತೆ ಭಾನುವಾರ ನಾದಿನಿ ಬಂದರು. ಮೇಜನ್ನು ಮುಟ್ಟಿ ನೋಡಿ, "ಅಯ್ಯೋ, ಎಷ್ಟು ಚೆಂದ ಮಾಡಿದ್ದೀಯೋ ತಮ್ಮಾ!" ಎಂದರು. ಅವನು ಹೆಂಡತಿಯ ಕಡೆ ಕಳ್ಳಗಣ್ಣಿನಿಂದ ನೋಡಿದ. ನಾದಿನಿ ಅಭ್ಯಾಸದಂತೆ ಗಾಜು ಒರೆಸತೊಡಗಿದರು. ಒರೆಸುತ್ತಾ ಕೈ ನಿಂತಿತು. ಗಾಜಿನ ಮೂಲೆ ನೋಡಿದರು, ತಿರುಗಿ ಶೋಕೇಸಿನ ಕಡೆ ನೋಡಿದರು. ಅಲ್ಲಿ ಹಲಗೆಯೊಂದು ಕಾಣೆಯಾಗಿತ್ತು.

"ಇದು ನನ್ನ ಶೋಕೇಸಿನ ಗಾಜಲ್ವಾ?"

"ಹೂಂ ಅಕ್ಕ. ಅಲ್ಲಿ ಖಾಲಿ ಇತ್ತು, ಅಳತೆ ಸರಿಹೋಯ್ತು..."

ನಾದಿನಿ ತಮ್ಮನನ್ನು ಬೈಯಲಿಲ್ಲ. ಒಂದು ದಿನವೂ ಬೈದವರಲ್ಲ. ಅವಳ ಕಡೆ ತಿರುಗಿ, "ನಿನ್ನ ಪುಸ್ತಕ ಇಡೋಕೆ ನನ್ನ ಗಾಜೇ ಬೇಕಾಗಿತ್ತೇನೇ?" ಎಂದರು.

ಮೆಟ್ಟಿಲ ತಿರುವಿನ ಶೋಕೇಸಿನಂತೆ ಇಷ್ಟು ದಿನ ಅವಳೊಳಗೆ ಸಿಕ್ಕಿಕೊಂಡಿದ್ದದ್ದು ಏನೋ ಒಮ್ಮೆಲೇ ಉರುಳಿಬಿತ್ತು. "ಅಕ್ಕ, ಆ ಗಾಜು ನಾನು ಕೇಳಿಲ್ಲ. ಶೋಕೇಸೂ ಕೇಳಿಲ್ಲ. ಕನ್ನಡಿ, ಗಡಿಯಾರ, ಪರದೆ ಯಾವುದನ್ನೂ ನಾನು ಕೇಳಿಲ್ಲ. ನನ್ನ ಮನೇಲಿ ನನಗೆ ಕೂತ್ಕೊಳ್ಳೋಕೆ ಜಾಗ ಇಲ್ಲ. ದಯವಿಟ್ಟು ನಿಮ್ಮ ಶೋಕೇಸು ನೀವೇ ತಗೊಂಡುಹೋಗಿ."

ನಾದಿನಿ ಒರೆಸುವ ಬಟ್ಟೆಯನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡರು. ಚಹಾ ಅರ್ಧ ಲೋಟ ಹಾಗೇ ಇತ್ತು. "ಬರ್ತೀನಿ ತಮ್ಮಾ" ಎಂದು ಅವನಿಗೊಬ್ಬನಿಗೇ ಹೇಳಿ ಎದ್ದುಹೋದರು. ಮನಸ್ಸಿಗೆ ಬಂದಾಗ ಬಡಿಯುವ ಗಡಿಯಾರ ಆಗಲೇ ಬಡಿಯಬೇಕೇ? ಬಡಿಯಿತು, ಬಹಳ ಹೊತ್ತು.

ಆ ವಾರವಿಡೀ ಮನೆಯಲ್ಲಿ ಮಾತು ಕಡಿಮೆ. ನಾದಿನಿ ಫೋನ್ ಮಾಡಲಿಲ್ಲ, ಮುಂದಿನ ಭಾನುವಾರ ಬರಲೂ ಇಲ್ಲ. ಆಡಿದ ಮಾತು ವಾಪಸ್ ತೆಗೆದುಕೊಳ್ಳುವ ಮನಸ್ಸು ಅವಳಿಗಿರಲಿಲ್ಲ. ಅರ್ಧಕ್ಕೆ ಬಿಡುವ ಸ್ವಭಾವವೂ ಅವಳದಲ್ಲ. ತಾನೇ ಟೆಂಪೋದವನಿಗೆ ಫೋನ್ ಮಾಡಿ ಕರೆಸಿದಳು.

"ಬೇಡ ಕಣೇ, ಅಕ್ಕ ನೊಂದ್ಕೋತಾಳೆ" ಎಂದು ಗಂಡ ಹಿಂದೆ ಮುಂದೆ ಸುಳಿದಾಡಿದ.

"ನಾನು ನೊಂದ್ಕೊಂಡಿದ್ದು ಯಾವ ಲೆಕ್ಕಕ್ಕೂ ಇಲ್ವಾ? ನೀವು ಒಂದು ಕಡೆ ಹಿಡೀರಿ."

ಹಿಡಿದ. ಶೋಕೇಸು ಬಂದ ದಾರಿಯಲ್ಲೇ, ಅದೇ ತಿರುವಿನಲ್ಲಿ ಸಿಕ್ಕಿಕೊಂಡು, ಇಳಿಯಿತು. ಕನ್ನಡಿಯನ್ನೂ ಗಡಿಯಾರವನ್ನೂ ಅದರ ಪಕ್ಕ ಮಲಗಿಸಿದಳು. ಟೆಂಪೋದವನು ಹಗ್ಗ ಬಿಗಿಯುತ್ತಾ, "ಅಮ್ಮ, ಈ ಸಾಮಾನು ನನಗಿಂತ ಜಾಸ್ತಿ ಊರು ಸುತ್ತಿದೆ" ಎಂದ. ಅವಳು ನಗಲಿಲ್ಲ. ಮುಂದಿನ ಸೀಟಿನಲ್ಲಿ ಬಿಗಿಯಾಗಿ ಕೂತಳು. ದಾರಿಯುದ್ದಕ್ಕೂ ಆಡಬೇಕಾದ ಮಾತುಗಳನ್ನು ಒಂದೊಂದಾಗಿ ಜೋಡಿಸಿಕೊಂಡಳು. ನೀವು ಹೀಗಂದಿರಿ, ಅದಕ್ಕೆ ನಾನು ಹೀಗೆ. ನೀವು ಅತ್ತರೆ, ನಾನು ಹೀಗೆ.

ನಾದಿನಿಯ ಮನೆಗೆ ಅವಳು ಹೋಗಿ ಬಹಳ ದಿನವಾಗಿತ್ತು. ನಾದಿನಿಯೇ ವಾರವಾರ ಬರುತ್ತಿದ್ದರಾದ್ದರಿಂದ ಹೋಗುವ ಪ್ರಸಂಗ ಬಂದಿರಲಿಲ್ಲ. ಸೊಸೆ ಬಾಗಿಲು ತೆರೆದಳು. ಒಳಗೆ ಕಾಲಿಟ್ಟವಳಿಗೆ ಬೇರೆ ಮನೆಗೆ ಬಂದೆನೇನೋ ಅನ್ನಿಸಿತು. ಗೋಡೆ ಬಿಳಿ, ನೆಲ ಬಿಳಿ, ಸೋಫಾ ಬಿಳಿ. ಎಲ್ಲೂ ಒಂದು ಚಮಚ ಹೊರಗೆ ಕಾಣುತ್ತಿರಲಿಲ್ಲ. ಒಂದು ಗೋಡೆಯ ತುಂಬ ಪುಸ್ತಕಗಳಿದ್ದವು. ಹತ್ತಿರ ಹೋಗಿ ನೋಡಿದರೆ ಎಲ್ಲವನ್ನೂ ಬೆನ್ನು ಒಳಗೆ ಮಾಡಿ ಇಟ್ಟಿತ್ತು. ಹೆಸರು ಕಾಣುತ್ತಿರಲಿಲ್ಲ, ಬರೀ ಕಾಗದದ ಅಂಚು.

"ಬಣ್ಣ ಬಣ್ಣ ಕಂಡ್ರೆ ಕಣ್ಣಿಗೆ ಹೊಡೆಯುತ್ತೆ ಅಂತ ಹಾಗಿಟ್ಟಿದ್ದೀವಿ" ಎಂದಳು ಸೊಸೆ.

"ಬೇಕಾದ ಪುಸ್ತಕ ಹುಡುಕೋದು ಹೇಗೆ?"

"ಅಯ್ಯೋ, ಅದನ್ನ ಯಾರೂ ಓದಲ್ಲ ಚಿಕ್ಕಮ್ಮ."

ಒಳ್ಳೆಯ ಹುಡುಗಿ. ನೀರು ತಂದುಕೊಟ್ಟಳು. ಟೆಂಪೋ ನೋಡಿದವಳೇ ಮುಖ ಸಣ್ಣದು ಮಾಡಿಕೊಂಡು ಹೇಳಿದಳು: "ಎಸೀಬೇಕು ಅಂತ ನಾವು ಯಾವತ್ತೂ ಹೇಳಿಲ್ಲ. ಮನೆ ಹೊಸದಾಗಿ ಮಾಡಿಸ್ವಾಗ ಎಲ್ಲಿಡೋದು ಅಂತ ಕೇಳಿದ್ವಿ ಅಷ್ಟೇ. ಅತ್ತೇನೇ 'ನನ್ನ ತಮ್ಮನ ಮನೆಗೆ ಬೇಕಂತೆ, ಕೊಟ್ಬಿಡ್ತೀನಿ' ಅಂದ್ರು."

"ಬೇಕಂತೆ ಅಂದ್ರಾ?"

"ಹೂಂ. ನೀವು ಹಳೇ ಸಾಮಾನು ಅಂದ್ರೆ ಪ್ರಾಣ ಬಿಡ್ತೀರಂತೆ."

ನಾದಿನಿ ಅಡುಗೆಮನೆಯ ಕಟ್ಟೆಯ ಮುಂದೆ ಎತ್ತರದ ಸ್ಟೂಲಿನ ಮೇಲೆ ಕೂತಿದ್ದರು. ಅವರ ಪಾದ ನೆಲಕ್ಕೆ ಎಟುಕುತ್ತಿರಲಿಲ್ಲ. ಬೇರೆಯವರ ಮನೆಗೆ ಹೋದಾಗ ಕೂರುವಂತೆ, ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಏನನ್ನೂ ಮುಟ್ಟದೆ ಕೂತಿದ್ದರು. ಒರೆಸಲು ಅಲ್ಲಿ ಏನೂ ಇರಲಿಲ್ಲ. ಕಿಟಕಿಯಾಚೆ ಟೆಂಪೋದಲ್ಲಿ ಮಲಗಿದ್ದ ಸಿಂಹದ ಕಾಲು ಅವರಿಗೆ ಕಂಡಿತು.

"ವಾಪಸ್ ತಂದ್ಯಾ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಸೊಸೆಗೆ ಕೇಳದ ಹಾಗೆ, ತೀರಾ ಮೆಲ್ಲಗೆ, "ಇಲ್ಲಿ ಎಲ್ಲಿಡ್ಲಿ ಹೇಳು?" ಎಂದರು.

ಅವಳಿಗೆ ಅಯ್ಯೋ ಅನ್ನಿಸುವ ಮೊದಲು ಇನ್ನಷ್ಟು ಸಿಟ್ಟೇ ಬಂತು. ಇಷ್ಟು ದಿನ ಈ ಹೆಂಗಸು ಬಾಯಿಬಿಟ್ಟು ಹೇಳಿದ್ದರೆ ಏನು ಗಂಟು ಹೋಗುತ್ತಿತ್ತು?

"ಚಪ್ಪಲಿ ಹಾಕ್ಕೊಳ್ಳಿ" ಎಂದಳು. "ಏಳಿ, ಹೋಗೋಣ."

ಟೆಂಪೋದ ಮುಂದಿನ ಸೀಟಿನಲ್ಲಿ ಮೂವರೂ ಒತ್ತಿಕೊಂಡು ಕೂತರು. ದೊಡ್ಡ ರಸ್ತೆಗೆ ಬಂದ ಮೇಲೆ ಅವಳು ಕೇಳಿದಳು:

"ಮೊದಲೇ ಹೇಳಬಾರ್ದಿತ್ತಾ ಅಕ್ಕ?"

"ಏನಂತ ಹೇಳ್ಲಿ? ನನ್ನ ಮನೇಲಿ ನನ್ನ ಸಾಮಾನಿಗೆ ಜಾಗ ಇಲ್ಲ, ನೀವು ಇಟ್ಕೊಳ್ಳಿ ಅಂತಾನಾ? ಕೊಟ್ಟೆ ಅಂದ್ರೆ ಮರ್ಯಾದೆ ಉಳಿಯುತ್ತೆ. ಭಾನುವಾರ ಬಂದು ಒಂದು ಗಳಿಗೆ ನನ್ನ ಸೋಫಾದ ಮೇಲೆ ಕೂತ್ರೆ, ನನ್ನ ಮನೇಲಿ ಕೂತಂಗೆ ಆಗುತ್ತೆ."

"ನಿಮ್ಮ ಮರ್ಯಾದೆ ಉಳೀತು, ನನ್ನ ಮೊಣಕಾಲು ಉಳೀಲಿಲ್ಲ. ಎಲ್ಲಿ ತಿರುಗಿದ್ರೂ ಒಂದೊಂದು ಮೂಲೆ ತಾಗುತ್ತೆ."

ಟೆಂಪೋದವನು ಕಿಸಕ್ಕನೆ ನಕ್ಕ. ನಾದಿನಿಗೂ ನಗು ಬಂತು, ತಡೆದುಕೊಂಡರು.

"ಆಯ್ತು, ಸೋಫಾ ಇರಲಿ" ಎಂದಳು ಅವಳು. "ಈ ಶೋಕೇಸು? ಅಷ್ಟೊಂದು ಇಷ್ಟಾನಾ ನಿಮಗೆ?"

"ಇಷ್ಟಾನಾ?" ನಾದಿನಿ ಹಿಂದೆ ತಿರುಗಿ ಅದನ್ನು ನೋಡಿದರು. "ಅದು ನಮ್ಮತ್ತೇದು. ನಾನು ಕಾಲಿಟ್ಟ ದಿನದಿಂದ ಅದನ್ನ ಒರೆಸಿ ಒರೆಸಿ ನನ್ನ ಸೊಂಟ ಹೋಯ್ತು. ಆ ಸಿಂಹದ ಕಾಲಿಗೆ ನನ್ನ ಕಿರುಬೆರಳು ಎಷ್ಟು ಸಲ ಬಡಿದಿದೆಯೋ! ಕಂಡ್ರಾಗಲ್ಲ ನನಗೆ."

"ಮತ್ತೆ ನನ್ನ ತಲೆಗ್ಯಾಕೆ ಕಟ್ಟಿದ್ರಿ?"

"ಎಸೆಯೋಕೆ ಮನಸ್ಸು ಬರ್ಲಿಲ್ಲ ಕಣೇ."

ಕೊಟ್ಟವರಿಗೂ ಬೇಡ, ತಗೊಂಡವರಿಗೂ ಬೇಡ. ಹಾಗಾದರೆ ಇಷ್ಟು ದಿನ ಇಷ್ಟು ಜನ ಯಾರಿಗಾಗಿ ಅದನ್ನು ಹೊತ್ತು ತಿರುಗಿದ್ದು?

"ಅಮ್ಮಂದಿರಾ," ಎಂದ ಟೆಂಪೋದವನು, "ಹೊರೋನು ನಾನು. ನನ್ನ ಮನಸ್ಸನ್ನೂ ಒಂದು ಸಲ ಯಾರಾದ್ರೂ ಕೇಳಿ. ಮುಂದಿನ ತಿರುವಲ್ಲಿ ಹಳೇ ಸಾಮಾನಿನ ಅಂಗಡಿ ಇದೆ."

ಅಂಗಡಿಯವನು ಶೋಕೇಸಿನ ಸುತ್ತ ಒಂದು ಸುತ್ತು ಹಾಕಿದ. ಕನ್ನಡಿ, ಗಡಿಯಾರ ಎರಡನ್ನೂ ಒಳಗಿಡಿಸಿಕೊಂಡ. ಶೋಕೇಸಿನ ಬಾಗಿಲು ತೆರೆದವನೇ, "ಒಂದು ಗಾಜಿಲ್ವಲ್ಲ. ಗಾಜಿಲ್ದೆ ಇದನ್ನ ಸುಮ್ನೆ ಕೊಟ್ರೂ ನಾನು ಇಟ್ಕೊಳ್ಳಲ್ಲ" ಎಂದ. ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ನಿಮ್ಮ ತಮ್ಮ!" ಎಂದಳು ಅವಳು.

"ನಿನ್ನ ಗಂಡ!" ಎಂದರು ನಾದಿನಿ.

ಗಾಜು ತರಲು ಮನೆಗೆ ಬಂದರು. ಬಾಗಿಲು ತೆರೆದರೆ ಒಳಗೆಲ್ಲ ಹಬೆ, ಒದ್ದೆ ಕಾಗದದ ವಾಸನೆ. ನೆಲದ ತುಂಬ ಪುಸ್ತಕಗಳ ರಟ್ಟು, ಹರಿದ ಅಂಚು, ಗೋಂದಿನ ಸಿಪ್ಪೆ. ನಡುವೆ ಗಂಡ ಕೂತಿದ್ದ. ಪಕ್ಕದಲ್ಲಿ ಕುದಿಯುವ ನೀರಿನ ಪಾತ್ರೆ, ಇಸ್ತ್ರಿ ಪೆಟ್ಟಿಗೆ, ಕೈಯಲ್ಲಿ ಚಾಕು. ಹೆಂಡತಿಯನ್ನು ಒಲಿಸಿಕೊಳ್ಳಲು, ಹಬೆ ಹಿಡಿದು ಒಂದೊಂದೇ ಪುಟವನ್ನು ಬಿಡಿಸುತ್ತಿದ್ದ. ಬಿಡಿಸುತ್ತಾ ಬಿಡಿಸುತ್ತಾ ಓದಲು ತೊಡಗಿದ್ದ. ಮುಖ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿದ್ದವು. ಜೀವಮಾನದಲ್ಲಿ ಮೊದಲ ಬಾರಿಗೆ ಅವನು ಒಂದು ಕಾದಂಬರಿಯನ್ನು ಮುಗಿಸಿದ್ದ.

"ಬಂದ್ಯಾ!" ಎಂದು ಎದ್ದು ನಿಂತ. "ಕಾಂಪೌಂಡರ್ ಕಣೇ! ಡಾಕ್ಟರನ್ನ ಕೊಂದಿದ್ದು ಆ ಕಾಂಪೌಂಡರ್! ಅಷ್ಟು ಸಾಧು ಥರ ಇದ್ದೋನು, ನಾನು ಆ ನರ್ಸೇ ಅಂದ್ಕೊಂಡಿದ್ದೆ..."

ಅವಳು ಹೊಸ್ತಿಲ ಮೇಲೇ ಕೂತುಬಿಟ್ಟಳು.

ಅವನಿಗೆ ತಾನೇನು ಮಾಡಿದೆ ಎನ್ನುವುದು ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೊಳೆದಾಗ ಕೈಯಲ್ಲಿದ್ದ ಪುಟವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ. "ಕಾಂಪೌಂಡರ್ ಅಲ್ಲ ಅಂದ್ಕೋ" ಎಂದ ಸಣ್ಣ ದನಿಯಲ್ಲಿ.

"ಮಾತಾಡಬೇಡಿ. ಇನ್ನು ಒಂದು ಮಾತೂ ಆಡಬೇಡಿ. ಆ ಗಾಜು ತಗೊಂಡುಹೋಗಿ ಟೆಂಪೋದವರಿಗೆ ಕೊಡಿ."

ನಾದಿನಿ ಮಾತ್ರ ಹರಡಿದ್ದ ಪುಟಗಳ ನಡುವೆ ನಿಂತು, "ಯಾಕೆ ಕೊಂದ?" ಎಂದು ಕೇಳಿದರು.

"ಏನು?"

"ಕಾಂಪೌಂಡರ್ ಕಣೋ. ಡಾಕ್ಟರನ್ನ ಯಾಕೆ ಕೊಂದ? ಬಾಗಿಲು ಒಳಗಡೆಯಿಂದ ಹಾಕಿತ್ತು ಅಂತ ಇವಳು ಟೆಂಪೋದಲ್ಲಿ ಹೇಳಿದ್ಲಲ್ಲ." ಅವರು ಒಂದು ಪುಟವನ್ನೆತ್ತಿ ದೂರ ಹಿಡಿದರು, ಹತ್ತಿರ ತಂದರು, ಮತ್ತೆ ದೂರ ಹಿಡಿದರು. "ಥೂ, ಒಂದಕ್ಷರ ಕಾಣಲ್ಲ. ಬರೀ ಇರುವೆ ಸಾಲು."

ಹೊಸ್ತಿಲ ಮೇಲೆ ಕೂತವಳಿಗೆ ಎಷ್ಟೇ ಸಿಟ್ಟಿದ್ದರೂ ಕಸುಬಿನ ಕಣ್ಣು ಸುಮ್ಮನಿರಲಿಲ್ಲ. "ಆ ಕನ್ನಡಕ ಯಾವಾಗ ಮಾಡಿಸಿದ್ದು?"

"ನಿಮ್ಮ ಭಾವ ಇದ್ದಾಗ."

"ಕೊಡಿ ಇಲ್ಲಿ." ಗಾಜನ್ನು ಬೆಳಕಿಗೆ ಹಿಡಿದು ನೋಡಿದಳು. ಗೀರು ಬಿದ್ದು ಮಂಜುಗಟ್ಟಿತ್ತು. "ಇದನ್ನ ಹಾಕ್ಕೊಂಡು ಮನೆಮನೆ ಧೂಳು ಹುಡುಕ್ತೀರಾ? ನಿಮಗೆ ಕಾಣ್ತಿದ್ದ ಅರ್ಧ ಧೂಳು ಇದರಲ್ಲೇ ಇತ್ತು. ನಾಳೆ ಅಂಗಡಿಗೆ ಬನ್ನಿ. ಕಣ್ಣು ಪರೀಕ್ಷೆ ಮಾಡಿಸಿ, ಗಾಜು ನಾನೇ ಕೂರಿಸಿಕೊಡ್ತೀನಿ."

ಶೋಕೇಸು ತನ್ನ ಗಾಜಿನ ಜೊತೆ ಹೋಯಿತು. ಪರದೆಗಳೂ ಹೋದವು. ಚಮಚದ ಸೂರ್ಯನನ್ನು ಗಂಡ ತಾನಾಗಿಯೇ ಇಳಿಸಿದ. ಹೊಲಿಗೆ ಯಂತ್ರದ ಸ್ಟ್ಯಾಂಡಿನ ಹತ್ತಿರ ಬಂದಾಗ ನಾದಿನಿ ಅದರ ಮೇಲೆ ಕೈಯಿಟ್ಟು ನಿಂತರು. ಬೇರೆಯವರ ಬಟ್ಟೆ ಹೊಲಿದು ಮಗನನ್ನು ಓದಿಸಿದ ಯಂತ್ರ ಒಂದು ಕಾಲದಲ್ಲಿ ಅದರ ಮೇಲಿತ್ತು. ಅವಳಿಗೆ ಅದು ಗೊತ್ತಿತ್ತು. "ಇದು ಇರಲಿ" ಎಂದಳು. "ಮೇಲೊಂದು ಹಲಗೆ ಹಾಕಿದ್ರೆ ದೀಪ ಇಡೋಕಾಗುತ್ತೆ." ಗಂಡ ಹಲಗೆ ಎಂಬ ಮಾತು ಕೇಳಿ ತಲೆಯೆತ್ತಿದ. "ಬಡಗಿ ಹತ್ರ ಮಾಡಿಸೋಣ" ಎಂದು ಕೂಡಲೇ ಸೇರಿಸಿದಳು.

ಸೋಫಾವನ್ನು ಕಿಟಕಿಯ ಹತ್ತಿರಕ್ಕೆ ಎಳೆದರು. ಮುಂದಿನ ಭಾನುವಾರ ನಾದಿನಿ ಹೊಸ ಕನ್ನಡಕ ಹಾಕಿಕೊಂಡು ಬಂದು ಬಲತುದಿಯಲ್ಲಿ ಕೂತರು. ಹಬೆಗೆ ಉಬ್ಬಿ ಬನ್ನಿನಂತಾಗಿದ್ದ ಬೆಟ್ಟದ ಆಸ್ಪತ್ರೆಯ ಪುಟಗಳನ್ನು ಗಂಡ ದಾರ ಹಾಕಿ ಹೊಲಿದಿದ್ದ. ಆರಂಭದಿಂದ ಓದುತ್ತೇನೆಂದು ಅವರು ಅದನ್ನೇ ಹಿಡಿದರು. ಅವಳು ಎಡತುದಿಯಲ್ಲಿ, ಮುದುಕನ ಹತ್ತಿರ ತಂದ ಹೊಸ ಕಾದಂಬರಿಯನ್ನು ತೆರೆದಳು. ಹಾಲಿನಲ್ಲಿ ಜಾಗವಿತ್ತು, ಬೆಳಕು ಚೆನ್ನಾಗಿತ್ತು. ಗಂಡನನ್ನು ತರಕಾರಿಗೆ ಕಳಿಸಿದ್ದಾಗಿತ್ತು. ಅವಳು ಕಾಲು ಮಡಿಚಿ ಕೂತು ಮೊದಲ ಸಾಲು ಓದಿದಳು.

"ಬೆಟ್ಟದ... ಮೇಲೆ... ಮಂಜು..." ಎಂದರು ನಾದಿನಿ.

"ಅಕ್ಕ, ಮನಸ್ಸಲ್ಲಿ ಓದ್ಕೊಳ್ಳಿ."

"ಮನಸ್ಸಲ್ಲೇ ಓದ್ತಿದ್ದೀನಿ ಕಣೇ. ಬಾಯಿಗೆ ತಾನಾಗೇ ಬರುತ್ತೆ."

ಅವಳು ಮೊದಲ ಸಾಲನ್ನು ಮತ್ತೆ ಓದಿದಳು.

"ಈ ಅಡುಗೆಯವನು ಒಳ್ಳೆಯೋನಾ?"

"ಓದಿ, ಗೊತ್ತಾಗುತ್ತೆ."

"ಇಲ್ಲ, ಹೇಳಿಬಿಡು. ಇವನ ಮೇಲೆ ನನಗೆ ಈಗಲೇ ಅನುಮಾನ."

"ಅಕ್ಕ, ಕೊಂದೋನು ಯಾರು ಅಂತ ನಿಮಗೆ ಗೊತ್ತಿದೆಯಲ್ಲ!"

"ಗೊತ್ತಿದ್ರೇನು, ಇವನೂ ಸೇರಿರಬಹುದು." ನಾದಿನಿ ಕನ್ನಡಕ ಮೇಲೆ ಸರಿಸಿ, ಪುಟಕ್ಕೆ ಬೆರಳಿಟ್ಟು ತೋರಿಸಿದರು. "ನೋಡು, ಡಾಕ್ಟರ ಚಹಾಕ್ಕೆ ಎರಡು ಸಲ ಯಾಕೆ ಸಕ್ಕರೆ ಹಾಕ್ತಾನೆ?"

ಅವಳು ತನ್ನ ಕಾದಂಬರಿಯನ್ನು ಬದಿಗಿಟ್ಟಳು. ಊಟದ ಕೋಣೆಯ ತನಕ ಓದಿದ್ದರೂ ಅದನ್ನು ಅವಳು ಗಮನಿಸಿರಲಿಲ್ಲ. "ಎರಡು ಸಲಾನಾ?" ಎಂದಳು. "ಎಲ್ಲಿ, ತೋರಿಸಿ?"